ಸಹಿ ಹಾಕುವ ಮುನ್ನ ಲೆಕ್ಕದ ಕೋಣೆಗೂ ಒಮ್ಮೆ ಬನ್ನಿ: ಕಂಪನಿಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಕಂಪನಿಗಳ ಮಾಲೀಕರಿಗೆ, ವ್ಯವಸ್ಥಾಪಕ ನಿರ್ದೇಶಕರಿಗೆ ಮತ್ತು ಆಡಳಿತ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು 26 ವರ್ಷಗಳಿಂದ ಕಂಪನಿಗಳ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಗುಮಾಸ್ತನಾಗಿ ಸೇರಿ ವೋಚರ್‌ಗಳಿಗೆ ಸಂಖ್ಯೆ ಹಾಕುವುದರಿಂದ ಆರಂಭಿಸಿದೆ. ಈಗ ವರ್ಷದ ಲೆಕ್ಕ ಮುಗಿಸಿ ಆಡಿಟರ್ ಮುಂದೆ ಇಡುವ ಹೊಣೆ ನನ್ನದು. ಈ ಅವಧಿಯಲ್ಲಿ ನಾಲ್ಕು ಕಂಪನಿಗಳಲ್ಲಿ ದುಡಿದಿದ್ದೇನೆ. ಅವುಗಳಲ್ಲಿ ಎರಡು ಇಂದು ಇಲ್ಲ. ಆ ಎರಡೂ ಕಂಪನಿಗಳು ಬಾಗಿಲು ಹಾಕುವ ಹಿಂದಿನ ವರ್ಷ ಲಾಭ ತೋರಿಸಿದ್ದವು. ಆ ಲಾಭ-ನಷ್ಟದ ಪಟ್ಟಿಗಳನ್ನು ಸಿದ್ಧಪಡಿಸಿದವನು ನಾನೇ. ಅವುಗಳಲ್ಲಿ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ. ಸರಿಯಾದ ಲೆಕ್ಕ ಮೇಜಿನ ಮೇಲೆ ಇದ್ದಾಗಲೂ ಸಂಸ್ಥೆಯೊಂದು ಹೇಗೆ ಮುಳುಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೇ. ಹಣದ ಬಗೆಗಿನ ನಿರ್ಧಾರಗಳನ್ನು ನೀವು ಲೆಕ್ಕ ಗೊತ್ತಿರುವವರನ್ನು ಹೊರಗಿಟ್ಟು ತೆಗೆದುಕೊಳ್ಳುತ್ತೀರಿ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಯಂತ್ರ ಬಂದು ಇಳಿದ ಮೇಲೆ, ರಿಯಾಯಿತಿ ಘೋಷಣೆಯಾದ ಮೇಲೆ ಕಾಗದಗಳು ನಮ್ಮ ಕೋಣೆಗೆ ಬರುತ್ತವೆ. ಆಗ ನಮಗೆ ಉಳಿಯುವ ಕೆಲಸ ನಮೂದು ಮಾಡುವುದಷ್ಟೇ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕುವ ಕಾವಲುಗಾರರ ಸ್ಥಿತಿ ನಮ್ಮದು.

ನಾನು ಕಂಡ ಒಂದು ದಿನವನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ತಿಂಗಳ ಕೊನೆಯ ಕೆಲಸದ ದಿನ. ಬೆಳಿಗ್ಗೆ ಒಂಬತ್ತೂವರೆಗೆ ಬ್ಯಾಂಕ್ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದೆ. ಪಕ್ಕದಲ್ಲಿ 43 ಜನರ ಸಂಬಳದ ಪಟ್ಟಿ ಇತ್ತು. ಖಾತೆಯಲ್ಲಿದ್ದ ಹಣ 31 ಜನರಿಗೆ ಸಾಕಾಗುತ್ತಿತ್ತು. ಮತ್ತೆ ಕೂಡಿದೆ, ಮತ್ತೆ ಕಳೆದೆ. ಅಂಕಿ ಬದಲಾಗಲಿಲ್ಲ. ಅದೇ ಮೇಜಿನ ಮೇಲೆ, ಹಿಂದಿನ ವಾರವಷ್ಟೇ ಮುಗಿಸಿದ ವಾರ್ಷಿಕ ಲೆಕ್ಕದ ಕಡತ ಇತ್ತು. ಕಂಪನಿ ಶುರುವಾದಾಗಿನಿಂದ ಅದುವರೆಗೆ ಕಂಡಿರದಷ್ಟು ದೊಡ್ಡ ಲಾಭ ಅದರಲ್ಲಿತ್ತು. ಮಾಲೀಕರು ಬಂದರು, ಎರಡೂ ಕಾಗದಗಳನ್ನು ನೋಡಿದರು. "ಇಷ್ಟು ಲಾಭ ಬಂದಿದೆಯಲ್ಲ, ದುಡ್ಡು ಎಲ್ಲಿ ಹೋಯಿತು?" ಎಂದು ಕೇಳಿದರು. ಅವರ ದನಿಯಲ್ಲಿ ಅನುಮಾನವಿತ್ತು. ಯಾರೋ ಕದ್ದಿದ್ದಾರೆ ಎಂಬ ಅನುಮಾನ.

ಯಾರೂ ಕದ್ದಿರಲಿಲ್ಲ. ನಾನು ಬಾಕಿ ವಸೂಲಿಯ ಪಟ್ಟಿಯನ್ನು ತೆಗೆದು ತೋರಿಸಿದೆ. ಗ್ರಾಹಕರ ಹೆಸರಿನ ಮುಂದೆ ನಾಲ್ಕು ಅಂಕಣಗಳು: 30 ದಿನದೊಳಗಿನ ಬಾಕಿ, 31ರಿಂದ 60, 61ರಿಂದ 90, 90ಕ್ಕೂ ಮೀರಿದ್ದು. ಆರೋಗ್ಯವಂತ ಕಂಪನಿಯ ಪಟ್ಟಿಯಲ್ಲಿ ಭಾರ ಎಡಗಡೆ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಅದು ಬಲಗಡೆಗೆ ಜಾರಿತ್ತು. ಒಂದು ಸಾಲಿನ ಕೆಳಗೆ ನಾನೇ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ನಮ್ಮ ಅತಿ ದೊಡ್ಡ ಗ್ರಾಹಕನ ಸಾಲು ಅದು. ಒಟ್ಟು ಬಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಸಾಲಿನಲ್ಲಿತ್ತು. ಆ ಗ್ರಾಹಕನಿಗೆ ಹಣ ಕೊಡಲು 120 ದಿನಗಳ ಅವಕಾಶವನ್ನು ಒಪ್ಪಂದದಲ್ಲೇ ಬರೆದುಕೊಡಲಾಗಿತ್ತು. ಅದು ನಮ್ಮ ವಿಭಾಗಕ್ಕೆ ತಿಳಿದದ್ದು ಮೊದಲ ಬಿಲ್ ತಯಾರಿಸಲು ಕುಳಿತಾಗ.

ಆ ಒಪ್ಪಂದದ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ, ಏಕೆಂದರೆ ನನ್ನ ಪತ್ರದ ತಿರುಳೆಲ್ಲ ಇದರಲ್ಲೇ ಇದೆ. ಕಚ್ಚಾ ಸಾಮಗ್ರಿ ಬಂದು, ಸರಕಾಗಿ, ಗೋದಾಮಿನಿಂದ ಹೊರಡಲು 45 ದಿನ ಬೇಕಿತ್ತು. ಹೊರಟ ಸರಕಿನ ಹಣ ಬರಲು 120 ದಿನ. ಒಟ್ಟು 165 ದಿನ. ಸಾಮಗ್ರಿ ಕೊಟ್ಟವರಿಗೆ ನಾವು 30 ದಿನದೊಳಗೆ ಹಣ ಕೊಡಬೇಕಿತ್ತು. ಅಂದರೆ ಕೈಯಿಂದ ಹೋದ ಹಣ ಮರಳಿ ಕೈಸೇರಲು 135 ದಿನ, ನಾಲ್ಕೂವರೆ ತಿಂಗಳು. ಇದನ್ನು ನಗದು ಚಕ್ರ ಎನ್ನುತ್ತಾರೆ. ಲೆಕ್ಕ ಸುಲಭವಾಗಲೆಂದು ದಿನವೊಂದಕ್ಕೆ ಕಂಪನಿ ಸರಕಿಗಾಗಿ 100 ಖರ್ಚು ಮಾಡುತ್ತದೆ ಎಂದುಕೊಳ್ಳಿ. 135 ದಿನಕ್ಕೆ 13,500 ಈ ಚಕ್ರದಲ್ಲೇ ಸಿಕ್ಕಿಕೊಂಡಿರುತ್ತದೆ. ಮಾರಾಟ ಇಮ್ಮಡಿಯಾಯಿತು ಎಂದು ನೀವು ಸಂಭ್ರಮಿಸುವ ದಿನ ಇನ್ನೂ 13,500 ಬೇಕಾಗುತ್ತದೆ. ಲಾಭದ ಹಣ ಕೈಗೆ ಬರುವುದು ಚಕ್ರ ಒಂದು ಸುತ್ತು ಪೂರ್ತಿಯಾದ ಮೇಲೆ. ಹಣ ಬೇಕಾಗುವುದು ಅದಕ್ಕೆ ನಾಲ್ಕೂವರೆ ತಿಂಗಳು ಮೊದಲು. ನಡುವಿನ ಈ ಕಾಲವನ್ನು ದಾಟಿಸುವುದೇ ದುಡಿಯುವ ಬಂಡವಾಳ. ಅದನ್ನು ಎಲ್ಲಿಂದ ತರುತ್ತೀರಿ ಎಂದು ಒಪ್ಪಂದಕ್ಕೆ ಮೊದಲು ಯಾರೂ ಕೇಳಲಿಲ್ಲ. ಕೇಳಬೇಕಾದವರು ಆ ಸಭೆಯಲ್ಲಿ ಇರಲೂ ಇಲ್ಲ.

ಸಂಬಳದ ದಿನ ಮಧ್ಯಾಹ್ನ ಪ್ಯಾಕಿಂಗ್ ವಿಭಾಗದ ಒಬ್ಬ ಕಾರ್ಮಿಕರು ನನ್ನ ಕಿಟಕಿಯ ಬಳಿ ಬಂದರು. ಅವರ ಹೆಸರು 31ರ ಆಚೆ ಇತ್ತು. ಅವರು ಜಗಳವಾಡಲಿಲ್ಲ, ಮುಂಗಡವನ್ನೂ ಕೇಳಲಿಲ್ಲ. "ಸಂಬಳ ತಡವಾಗಿದೆ ಎಂದು ಒಂದು ಕಾಗದದಲ್ಲಿ ಬರೆದುಕೊಡಿ ಸಾರ್, ಬಾಡಿಗೆ ಮನೆಯವರಿಗೆ ತೋರಿಸಬೇಕು" ಎಂದರು. ಹಾಗೆ ಬರೆದುಕೊಡುವ ಅಧಿಕಾರ ನನಗೆ ಇರಲಿಲ್ಲ. ಕಂಪನಿಯ ಹೆಸರು ಕೆಡುತ್ತದೆ ಎಂದು ಮೇಲಿನಿಂದ ಉತ್ತರ ಬಂತು. ಅವರು ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಬಾಕಿ ಪಟ್ಟಿಯ ಬಲಗಡೆಯ ಅಂಕಣವನ್ನು ನೋಡಿದಾಗಲೆಲ್ಲ ಇಂದಿಗೂ ನನಗೆ ಆ ಕಿಟಕಿ ನೆನಪಾಗುತ್ತದೆ.

ಇದು ಒಂದು ಕಂಪನಿಯ ಕಥೆ ಎಂದು ನೀವು ಹೇಳಬಹುದು. ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದಾರೆ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದ್ದ ಡಬ್ಲ್ಯು.ಟಿ. ಗ್ರಾಂಟ್ ಎಂಬ ಚಿಲ್ಲರೆ ವ್ಯಾಪಾರದ ಕಂಪನಿ 1975ರಲ್ಲಿ ದಿವಾಳಿಯಾಯಿತು. ಅದಕ್ಕೆ ಕೆಲವೇ ವರ್ಷ ಹಿಂದಿನವರೆಗೂ ಅದು ತಪ್ಪದೆ ಲಾಭ ತೋರಿಸುತ್ತಿತ್ತು. ಅದೇ ವರ್ಷಗಳಲ್ಲಿ ವ್ಯಾಪಾರದಿಂದ ಅದರ ಕೈಗೆ ನಿಜವಾಗಿ ಬರುತ್ತಿದ್ದ ನಗದು ಮಾತ್ರ ಬಹುಪಾಲು ಶೂನ್ಯಕ್ಕಿಂತ ಕೆಳಗಿತ್ತು. ಹಣವೆಲ್ಲ ದಾಸ್ತಾನಿನಲ್ಲಿ ಮತ್ತು ಗ್ರಾಹಕರಿಗೆ ಕೊಟ್ಟ ಸಾಲದಲ್ಲಿ ಹೂತುಹೋಗಿತ್ತು. ಆಗ ನಗದು ಹರಿವಿನ ಪಟ್ಟಿಯನ್ನು, ಅಂದರೆ ನಿಜವಾಗಿ ಬಂದ ಮತ್ತು ಹೋದ ಹಣದ ಪಟ್ಟಿಯನ್ನು, ಇಂದಿನ ರೂಪದಲ್ಲಿ ಪ್ರಕಟಿಸಬೇಕೆಂಬ ನಿಯಮ ಇರಲಿಲ್ಲ. ಅಮೆರಿಕದ ಲೆಕ್ಕ ಮಾನದಂಡ ಮಂಡಳಿ ಅದನ್ನು ಕಡ್ಡಾಯ ಮಾಡಿದ್ದು 1987ರಲ್ಲಿ. ಅಂತರರಾಷ್ಟ್ರೀಯ ಮಾನದಂಡ ಈಗಿನ ಸ್ವರೂಪಕ್ಕೆ ಬಂದದ್ದು 1992ರಲ್ಲಿ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಲೂಕಾ ಪಾಚಿಯೋಲಿ ಎಂಬ ಪಾದ್ರಿ ವೆನಿಸ್ ನಗರದಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ ಎಂಬುದನ್ನು ನೆನೆದರೆ, ನಗದಿಗೆ ತನ್ನದೇ ಒಂದು ಪಟ್ಟಿ ಸಿಗಲು ಸುಮಾರು 500 ವರ್ಷ ಬೇಕಾಯಿತು. ಈಗ ಆ ಪಟ್ಟಿ ಇದೆ. ಅದನ್ನು ಓದುವ ಮಾಲೀಕರು ತೀರಾ ವಿರಳ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಲಾಭ-ನಷ್ಟದ ಪುಟವನ್ನು ತಿರುವಿದ ಮೇಲೆ ಕಡತ ಮುಚ್ಚಿಹೋಗುತ್ತಿತ್ತು.

ಲಾಭವೂ ನಗದೂ ಏಕೆ ಬೇರೆ ಎಂಬುದು ಕಷ್ಟದ ವಿಷಯವಲ್ಲ. ಬಿಲ್ ಬರೆದ ದಿನವೇ ಲೆಕ್ಕದಲ್ಲಿ ಆದಾಯ ಸೇರುತ್ತದೆ, ಹಣ ಬರುವುದು ಯಾವಾಗಲೋ. 1,000 ಕೊಟ್ಟು ಹತ್ತು ವರ್ಷ ಬಾಳುವ ಯಂತ್ರ ಕೊಂಡರೆ ಲಾಭ-ನಷ್ಟದ ಪಟ್ಟಿಯಲ್ಲಿ ವರ್ಷಕ್ಕೆ 100ರಂತೆ ಸವಕಳಿ ಮಾತ್ರ ಕಾಣುತ್ತದೆ, ಆದರೆ ಕೈಯಿಂದ 1,000 ಈಗಲೇ ಹೋಗಿರುತ್ತದೆ. ಸಾಲದ ವಿಷಯ ಇನ್ನೂ ಮೋಸದ್ದು. ಬಡ್ಡಿ ಖರ್ಚಿನ ಪಟ್ಟಿಯಲ್ಲಿ ಬರುತ್ತದೆ, ಅಸಲಿನ ಕಂತು ಬರುವುದೇ ಇಲ್ಲ. ಏಕೆಂದರೆ ಅಸಲು ತೀರಿಸುವುದು ಖರ್ಚಲ್ಲ, ಹೊಣೆ ಇಳಿಸುವುದು. ಅಢಾವೆ ಪತ್ರಿಕೆಯಲ್ಲಿ ಆಸ್ತಿ ಒಂದು ಕಡೆ, ಹೊಣೆ ಮತ್ತು ಮಾಲೀಕರ ಬಂಡವಾಳ ಇನ್ನೊಂದು ಕಡೆ ಸದಾ ಸಮವಾಗಿರುತ್ತವೆ. ಅಸಲಿನ ಕಂತು ಎರಡೂ ಕಡೆಯಿಂದ ಅಷ್ಟಷ್ಟು ಇಳಿಸುತ್ತದೆ, ಲಾಭವನ್ನು ಮುಟ್ಟುವುದಿಲ್ಲ. ತಿಂಗಳು ತಿಂಗಳು ದೊಡ್ಡ ಅಸಲಿನ ಕಂತು ಕಟ್ಟುವ ಕಂಪನಿಯ ಲಾಭದ ಪಟ್ಟಿಯನ್ನು ಮಾತ್ರ ನೋಡಿದವರಿಗೆ ಆ ಭಾರ ಕಾಣುವುದೇ ಇಲ್ಲ. ಇದನ್ನು ಒಬ್ಬ ನಿರ್ದೇಶಕರಿಗೆ ವಿವರಿಸಿದಾಗ ಅವರು, "ಇಷ್ಟು ವರ್ಷ ಇದನ್ನು ನನಗೆ ಯಾರೂ ಹೇಳಿರಲಿಲ್ಲ" ಎಂದರು. ಅವರು ಹೇಳಿದ್ದು ನಿಜ. ಹೇಳದೆ ಇದ್ದವರಲ್ಲಿ ನಾನೂ ಒಬ್ಬ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಯಂತ್ರದ ಮಾತು ಬಂದಿದ್ದರಿಂದ ಇನ್ನೊಂದು ದೂರನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿಹೋದ ಎರಡನೆಯ ಕಂಪನಿಯಲ್ಲಿ ಹತ್ತು ವರ್ಷ ದುಡಿಯಬೇಕಾದ ಯಂತ್ರವನ್ನು ಓವರ್‌ಡ್ರಾಫ್ಟ್ ಹಣದಲ್ಲಿ, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಕೊಡುವ ಸಾಲದಲ್ಲಿ, ಕೊಂಡರು. ದೀರ್ಘಾವಧಿ ಸಾಲಕ್ಕೆ ಕಾಗದಪತ್ರ ಹೆಚ್ಚು, ತಡವಾಗುತ್ತದೆ, ಓವರ್‌ಡ್ರಾಫ್ಟ್ ಹೇಗೂ ಕೈಯಲ್ಲಿದೆ ಎಂಬುದು ಅವರ ವಾದ. ಯಂತ್ರ ತನ್ನ ಹಣವನ್ನು ವರ್ಷಗಳಲ್ಲಿ ದುಡಿದು ಕೊಡುತ್ತದೆ. ಓವರ್‌ಡ್ರಾಫ್ಟನ್ನು ಬ್ಯಾಂಕು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಬ್ಯಾಂಕು ಕೇಳಿತು. ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಸಾಮಗ್ರಿ ಕೊಳ್ಳಲು ಹಣವಿಲ್ಲದೆ ಅದನ್ನು ನಿಲ್ಲಿಸಬೇಕಾಯಿತು. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಠೇವಣಿದಾರರು ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬಹುದು. ಆ ಬ್ಯಾಂಕು ದೀರ್ಘಾವಧಿಯ ಮನೆ ಸಾಲಗಳಿಗೆ ಹಣದ ಮಾರುಕಟ್ಟೆಯ ಅಲ್ಪಾವಧಿ ಸಾಲವನ್ನು ನೆಚ್ಚಿಕೊಂಡಿತ್ತು. ಆ ಸಾಲ ಸಿಗುವುದು ನಿಂತಾಗ ಬ್ಯಾಂಕೇ ತುರ್ತು ನೆರವಿಗೆ ಕೈಚಾಚಬೇಕಾಯಿತು. ಹಣದ ವ್ಯವಹಾರವೇ ಕಸುಬಾದವರಿಗೆ ಹೀಗಾದರೆ ನಮ್ಮಂಥವರ ಪಾಡೇನು? ದೀರ್ಘ ಕಾಲ ಬಾಳುವ ವಸ್ತುವಿಗೆ ದೀರ್ಘ ಕಾಲದ ಹಣ, ಬಂದು ಹೋಗುವ ಸರಕಿಗೆ ಬಂದು ಹೋಗುವ ಹಣ. ಇದನ್ನು ಹೇಳಲು ತಜ್ಞರು ಬೇಕಿಲ್ಲ, ನಿಮ್ಮ ಲೆಕ್ಕಿಗರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ರಿಯಾಯಿತಿಗಳ ಬಗ್ಗೆಯೂ ಹೇಳಬೇಕು. ಮಾರಾಟ ವಿಭಾಗದವರು ಹತ್ತು ಶೇಕಡಾ ಬೆಲೆ ಇಳಿಸಿದರೆ ಮಾರಾಟ ಏರುತ್ತದೆ ಎನ್ನುತ್ತಾರೆ. ಏರುತ್ತದೆ, ಒಪ್ಪಿದೆ. ಎಷ್ಟು ಏರಬೇಕು? 100ಕ್ಕೆ ಮಾರುವ ವಸ್ತುವಿನ ನೇರ ಖರ್ಚು 75 ಇದ್ದರೆ ಕೈಯಲ್ಲಿ ಉಳಿಯುವುದು 25. ಬೆಲೆ 90 ಆದರೆ ಉಳಿಯುವುದು 15. ಮೊದಲಿನಷ್ಟೇ ಉಳಿಯಬೇಕಾದರೆ 100 ವಸ್ತು ಮಾರುತ್ತಿದ್ದ ಕಡೆ ಸುಮಾರು 167 ಮಾರಬೇಕು. ಆ ಹೆಚ್ಚಿನ 67 ವಸ್ತುಗಳಿಗೆ ಸಾಮಗ್ರಿ, ಕೂಲಿ, ಜಾಗ ಎಲ್ಲವೂ ಬೇಕು, ಅವುಗಳ ಹಣವೂ ಅದೇ 135 ದಿನಗಳ ಚಕ್ರಕ್ಕೆ ಬೀಳುತ್ತದೆ. ಈ ಲೆಕ್ಕಕ್ಕೆ ಐದು ನಿಮಿಷ ಸಾಕು. ನಾನು ಕಂಡ ರಿಯಾಯಿತಿಗಳಲ್ಲಿ ಒಂದಕ್ಕೂ ಆ ಐದು ನಿಮಿಷ ಸಿಗಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಸಾಮಗ್ರಿ ಕೊಡುವವರು ಎಷ್ಟೋ ಬಾರಿ, "30 ದಿನದ ಬದಲು 10 ದಿನದಲ್ಲಿ ಕೊಟ್ಟರೆ ಎರಡು ಶೇಕಡಾ ಬಿಡುತ್ತೇವೆ" ಎಂದು ಬಿಲ್ಲಿನ ಅಡಿಯಲ್ಲೇ ಬರೆದಿರುತ್ತಾರೆ. ಎರಡು ಶೇಕಡಾ ತಾನೇ ಎಂದು ನೀವು ಬದಿಗಿಡುತ್ತೀರಿ. 98 ಕೊಡುವುದನ್ನು 20 ದಿನ ಮುಂದೂಡಲು 2 ಹೆಚ್ಚು ತೆರುತ್ತಿದ್ದೀರಿ ಎಂಬುದು ಅದರ ಅರ್ಥ. ವರ್ಷದ ಬಡ್ಡಿಗೆ ಹಾಕಿ ನೋಡಿದರೆ ಅದು 37 ಶೇಕಡಾ ದಾಟುತ್ತದೆ. ಅಷ್ಟು ಬಡ್ಡಿಗೆ ಯಾರಾದರೂ ಸಾಲ ಕೊಡಲು ಬಂದರೆ ನೀವು ಅವರನ್ನು ಬಾಗಿಲಲ್ಲೇ ಕಳುಹಿಸುತ್ತೀರಿ.

ಈಗ ಹೇಳಲಿರುವುದು ನಿಮ್ಮಲ್ಲಿ ಹಲವರಿಗೆ ಹಿತವಾಗದು. ಆದರೂ ಹೇಳದಿದ್ದರೆ ಈ ಪತ್ರ ಬರೆದು ಪ್ರಯೋಜನವಿಲ್ಲ. ಕಂಪನಿಯ ಹಣ ನಿಮ್ಮ ಹಣವಲ್ಲ. ಕಂಪನಿಯನ್ನು ನೀವು ಕಟ್ಟಿರಬಹುದು, ಅದರ ಎಲ್ಲ ಷೇರುಗಳೂ ನಿಮ್ಮ ಹೆಸರಿನಲ್ಲೇ ಇರಬಹುದು, ಆಗಲೂ ಅಲ್ಲ. 1896ರಲ್ಲಿ ಲಂಡನ್ನಿನಲ್ಲಿ ಸಾಲೊಮನ್ ಎಂಬ ಬೂಟು ತಯಾರಕರ ಮೊಕದ್ದಮೆಯಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ತೀರ್ಮಾನಿಸಿತು. ಬಹುತೇಕ ಎಲ್ಲ ಷೇರುಗಳು ಒಬ್ಬರ ಕೈಯಲ್ಲೇ ಇದ್ದರೂ ಕಂಪನಿ ಆ ವ್ಯಕ್ತಿಯಿಂದ ಬೇರೆಯಾದ ಕಾನೂನಿನ ವ್ಯಕ್ತಿ ಎಂದಿತು. ಕಂಪನಿಯ ಸಾಲ ತಮ್ಮ ಮೈಮೇಲೆ ಬೀಳಬಾರದು ಎನ್ನುವಾಗ ಈ ತೀರ್ಪಿನ ನೆರಳು ಎಲ್ಲ ಮಾಲೀಕರಿಗೂ ಬೇಕು. ಕಂಪನಿಯ ಖಾತೆಯಿಂದ ಮನೆಯ ಖರ್ಚು ತೆಗೆಯುವಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ. ನಾನು ಎಷ್ಟೋ ವೋಚರ್‌ಗಳನ್ನು ಕೈಯಲ್ಲಿ ಹಿಡಿದು, ಇದನ್ನು ಯಾವ ಖಾತೆಗೆ ಬರೆಯಲಿ ಎಂದು ತಿಳಿಯದೆ ಕುಳಿತಿದ್ದೇನೆ. "ಸದ್ಯಕ್ಕೆ ಇತರೆ ಖರ್ಚು ಎಂದು ಹಾಕಿ, ಆಮೇಲೆ ನೋಡೋಣ" ಎಂಬ ಉತ್ತರ ಬರುತ್ತದೆ. ಆ ಆಮೇಲೆ ಎಂದೂ ಬರುವುದಿಲ್ಲ. ನಿಮ್ಮ ದುಡಿಮೆಗೆ ತಕ್ಕ ಸಂಬಳವನ್ನು ನಿಗದಿ ಮಾಡಿಕೊಳ್ಳಿ, ಅದನ್ನು ಎಲ್ಲರಂತೆ ತಿಂಗಳಿಗೊಮ್ಮೆ ತೆಗೆದುಕೊಳ್ಳಿ. ಲಾಭ ಇದ್ದರೆ, ಲಾಭದ ಜೊತೆಗೆ ನಗದೂ ಇದ್ದರೆ, ಲಾಭಾಂಶ ಘೋಷಿಸಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ತೆರಿಗೆಯ ಹಣ ಇದಕ್ಕಿಂತ ಸೂಕ್ಷ್ಮ. ಗ್ರಾಹಕರಿಂದ ಬಿಲ್ಲಿನಲ್ಲಿ ವಸೂಲು ಮಾಡಿದ ತೆರಿಗೆ, ನೌಕರರ ಸಂಬಳದಿಂದ ಕಡಿತ ಮಾಡಿದ ಮೊತ್ತ ಕೆಲವು ವಾರ ನಮ್ಮ ಖಾತೆಯಲ್ಲಿ ತಂಗುತ್ತವೆ ಅಷ್ಟೇ. ಅವು ನಮ್ಮವಲ್ಲ. ಕೈ ಬಿಗಿಯಾದಾಗ ಮೊದಲು ಕೈ ಹೋಗುವುದು ಅಲ್ಲಿಗೇ. ಮುಚ್ಚಿಹೋದ ಮೊದಲ ಕಂಪನಿಯಲ್ಲಿ ಮೂರು ತಿಂಗಳ ಕಡಿತದ ಹಣ ಸಾಮಗ್ರಿಯ ಬಿಲ್ಲುಗಳಿಗೆ ಹೋಗಿತ್ತು. ಬಡ್ಡಿ, ದಂಡ ಎಲ್ಲ ಸೇರಿ ಅದು ತಿರುಗಿ ಬಂದಾಗ ಎದುರಿಸುವ ಶಕ್ತಿ ಕಂಪನಿಗೆ ಉಳಿದಿರಲಿಲ್ಲ. ನೌಕರರ ಸಂಬಳದಿಂದ ಮುರಿದುಕೊಂಡ ಹಣವನ್ನು ಕಟ್ಟದೆ ಇರುವುದನ್ನು ಹಣಕಾಸಿನ ತೊಂದರೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಅದು ತಪ್ಪು.

ದೊಡ್ಡ ಕಂಪನಿಗಳ ನಿರ್ದೇಶಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಣ್ಣವರ ಬಿಲ್ಲುಗಳನ್ನು ತಿಂಗಳುಗಟ್ಟಲೆ ತಡೆದಿಡುವುದನ್ನು ನೀವು ಜಾಣ ಹಣಕಾಸು ನಿರ್ವಹಣೆ ಎನ್ನುತ್ತೀರಿ. ನಿಮ್ಮ 120 ದಿನ ಎಂದರೆ ನಮ್ಮ ಸಂಬಳದ ದಿನ. ಬ್ರಿಟನ್ನಿನ ಕ್ಯಾರಿಲಿಯನ್ ಎಂಬ ನಿರ್ಮಾಣ ಕಂಪನಿ ತನ್ನ ಪೂರೈಕೆದಾರರಿಗೆ 120 ದಿನಗಳ ಷರತ್ತು ಹಾಕಿತ್ತು, ಷೇರುದಾರರಿಗೆ ಲಾಭಾಂಶವನ್ನು ಮಾತ್ರ ಹಂಚುತ್ತಲೇ ಇತ್ತು. 2018ರ ಜನವರಿಯಲ್ಲಿ ಅದು ಕುಸಿದಾಗ ಕೈಯಲ್ಲಿದ್ದ ನಗದು ಕೇವಲ 2.9 ಕೋಟಿ ಪೌಂಡ್, ಹೊಣೆಗಳು ಸುಮಾರು 700 ಕೋಟಿ ಪೌಂಡ್. ಅದನ್ನು ನಂಬಿ ಸರಕು, ಕೂಲಿ ಕೊಟ್ಟಿದ್ದ ಸಾವಿರಾರು ಸಣ್ಣ ಸಂಸ್ಥೆಗಳ ಬಿಲ್ಲುಗಳು ಹಾಗೇ ಉಳಿದವು. ಇನ್ನೊಬ್ಬರ ಹಣವನ್ನು ತಡೆದಿಟ್ಟು ತೋರಿಸುವ ನಗದು ಕಂಪನಿಯ ಬಲವಲ್ಲ, ಬಡ್ಡಿಯಿಲ್ಲದೆ, ಕೇಳದೆ ತೆಗೆದುಕೊಂಡ ಸಾಲ. ನೀವು ಒಪ್ಪಿಕೊಂಡ ದಿನಕ್ಕೆ ಹಣ ಕೊಡಿ. ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತಿಲ್ಲ.

ಹಣದ ಕಾವಲಿನ ಬಗ್ಗೆ ಸ್ವಲ್ಪ. ಚೆಕ್ ಬರೆಯುವವರೇ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡುವ ವ್ಯವಸ್ಥೆ ಎಷ್ಟೋ ಕಂಪನಿಗಳಲ್ಲಿದೆ. ಅವರು ನಂಬಿಗಸ್ತರು, ಹಳಬರು ಎಂದು ನೀವು ಹೇಳುತ್ತೀರಿ. ನಾನೂ ಅಂಥ ಹಳಬನೇ, ನನ್ನನ್ನೂ ಹಾಗೆ ನಂಬಬೇಡಿ ಎಂದು ಕೇಳಿಕೊಳ್ಳುತ್ತೇನೆ. 1762ರಲ್ಲಿ ಆರಂಭವಾದ ಬೇರಿಂಗ್ಸ್ ಬ್ಯಾಂಕು 1995ರಲ್ಲಿ ಮುಳುಗಿದ್ದು ಸಿಂಗಪುರದ ಒಬ್ಬ ನೌಕರನಿಂದ. ವಹಿವಾಟು ಮಾಡುವ ಕೆಲಸವೂ, ಆ ವಹಿವಾಟಿನ ಲೆಕ್ಕ ಚುಕ್ತಾ ಮಾಡುವ ಕೆಲಸವೂ ಅವನ ಕೈಯಲ್ಲೇ ಇದ್ದವು. 82.7 ಕೋಟಿ ಪೌಂಡ್ ನಷ್ಟವಾಗಿ, ಆ ಬ್ಯಾಂಕು ಕೊನೆಗೆ ಒಂದು ಪೌಂಡಿಗೆ ಮಾರಾಟವಾಯಿತು. ಎರಡು ಕೈಗಳ ನಡುವೆ ಕೆಲಸ ಹಂಚುವುದು ಪ್ರಾಮಾಣಿಕರಿಗೆ ಅವಮಾನವಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಬಂದ ದಿನ ಅವರನ್ನು ಕಾಯುವುದು ಅದೇ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ನಾವು ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ ಕೊನೆಗೆ ಕೊಡುತ್ತೇವೆ. ಅಷ್ಟರಲ್ಲಿ ಅದು ಹಳೆಯ ಸುದ್ದಿಯಾಗಿರುತ್ತದೆ. ಅನುಪಾತಗಳ ಹೆಸರು ಹೇಳಿ ಮಾಲೀಕರನ್ನು ತಬ್ಬಿಬ್ಬುಗೊಳಿಸುತ್ತೇವೆ, "ಇನ್ನು ಆರು ವಾರಕ್ಕೆ ಹಣ ಸಾಲದು" ಎಂಬ ನೇರ ಮಾತನ್ನು ಹೇಳಲು ಹಿಂಜರಿಯುತ್ತೇವೆ. ಆ ಸಂಬಳದ ದಿನಕ್ಕೆ ಎರಡು ತಿಂಗಳು ಮೊದಲೇ ನನಗೆ ಅಂಕಿಗಳಲ್ಲಿ ಅದು ಕಾಣಿಸಿತ್ತು. ಒಂದು ಸಾಲಿನ ಟಿಪ್ಪಣಿ ಬರೆದು ಕಡತದಲ್ಲಿಟ್ಟೆ. ಬಾಗಿಲು ತಟ್ಟಿ ಒಳಗೆ ಹೋಗಿ ಹೇಳಲಿಲ್ಲ. ಕೇಳಿಸಿಕೊಳ್ಳುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. 12 ಕುಟುಂಬಗಳಿಗೆ ಆ ತಿಂಗಳು ತಪ್ಪಿದ ಸಂಬಳದಲ್ಲಿ ನನ್ನ ಮೌನದ ಪಾಲೂ ಇದೆ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಅದೂ ಒಂದು ಕಾರಣ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿಗಳು ಇವು. ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಹಣ ಬರುತ್ತದೆ, ಎಷ್ಟು ಹೋಗುತ್ತದೆ, ವಾರದ ಕೊನೆಗೆ ಎಷ್ಟು ಉಳಿಯುತ್ತದೆ ಎಂಬ ಒಂದು ಹಾಳೆಯನ್ನು ಲೆಕ್ಕ ವಿಭಾಗದಿಂದ ಪ್ರತಿ ವಾರ ಕೇಳಿ ಪಡೆಯಿರಿ. ಮೂರು ತಿಂಗಳಿಗೆ 13 ವಾರ. ಬರಲಿರುವ ಕೊರತೆಯನ್ನು ನೋಡಿ, ಗ್ರಾಹಕರನ್ನು ಕೇಳಲು, ಬ್ಯಾಂಕಿನೊಂದಿಗೆ ಮಾತನಾಡಲು, ಖರೀದಿಯನ್ನು ಮುಂದೂಡಲು ಸಾಕಾಗುವಷ್ಟು ಕಾಲ ಅದು. ಹಣ ಇನ್ನೂ ಇರುವಾಗ ಸಾಲ ಕೇಳಲು ಹೋದವರ ಜೊತೆ ಬ್ಯಾಂಕು ಮಾತನಾಡುವ ರೀತಿ ಬೇರೆ, ಹಣ ಮುಗಿದ ಮೇಲೆ ಹೋದವರ ಜೊತೆ ಮಾತನಾಡುವ ರೀತಿ ಬೇರೆ. ಎರಡನ್ನೂ ನಾನು ಬ್ಯಾಂಕಿನವರ ಎದುರಿನ ಕುರ್ಚಿಯಲ್ಲಿ ಕುಳಿತು ಕೇಳಿದ್ದೇನೆ. ಆ ಹಾಳೆಯಲ್ಲಿ ಅಂದಾಜು ತಪ್ಪಬಹುದು, ತಪ್ಪಿದ ಕಡೆ ಏಕೆ ತಪ್ಪಿತು ಎಂದು ಕೇಳಿ. ನಾಲ್ಕಾರು ವಾರಗಳಲ್ಲಿ ಅದು ತಾನಾಗಿ ಹದಕ್ಕೆ ಬರುತ್ತದೆ.

ತೆರಿಗೆ ಮತ್ತು ಕಡಿತದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ವಸೂಲಾದ ವಾರವೇ ಅಲ್ಲಿಗೆ ವರ್ಗಾಯಿಸಿ. ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಮುಗಿಸಲು ನಮಗೆ ಗಡುವು ಕೊಡಿ. ಅದಕ್ಕೆ ಬೇಕಾದ ಬಿಲ್ಲುಗಳು ನಿಮ್ಮ ಮೇಜಿನ ಡ್ರಾಯರಿನಲ್ಲಿ ಉಳಿಯದಂತೆ ನೀವೂ ನೋಡಿಕೊಳ್ಳಿ. ಸಂಬಳ ತಡವಾಗುವುದು ಖಚಿತವಾದರೆ ನೌಕರರಿಗೆ ಮೊದಲೇ, ನೀವೇ, ತಾರೀಖು ಸಹಿತ ಹೇಳಿ. ಅವರು ಕಾಗದ ಕೇಳಿದರೆ ಬರೆದುಕೊಡಲು ನಮಗೆ ಅನುಮತಿ ಇರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ನಿರ್ಧಾರದ ಹೊತ್ತಿನಲ್ಲಿ ನಮಗೂ ಒಂದು ಕುರ್ಚಿ ಹಾಕಿ. ಒಪ್ಪಂದ ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಆ 120 ದಿನಗಳ ಒಪ್ಪಂದವನ್ನು ಮೊದಲೇ ನೋಡಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ. ಮೂರನೆಯ ಒಂದು ಭಾಗ ಮುಂಗಡ ಕೇಳೋಣ, ಇಲ್ಲವೇ ಸಾಮಗ್ರಿ ಕೊಡುವವರಿಂದ 60 ದಿನ ಪಡೆಯೋಣ, ಎರಡೂ ಆಗದಿದ್ದರೆ ಬ್ಯಾಂಕಿನಿಂದ ದುಡಿಯುವ ಬಂಡವಾಳದ ಸಾಲ ಮಂಜೂರಾದ ಮೇಲೆ ಸಹಿ ಹಾಕೋಣ ಎನ್ನುತ್ತಿದ್ದೆ. ಗ್ರಾಹಕ ಒಪ್ಪುತ್ತಿದ್ದನೋ ಇಲ್ಲವೋ ತಿಳಿಯದು. ಕೇಳಲು ಒಂದು ಅವಕಾಶವಾದರೂ ಇರುತ್ತಿತ್ತು.

ಮುಂದಿನ ಬಾರಿ ದೊಡ್ಡ ಒಪ್ಪಂದವೊಂದರ ಕರಡು ನಿಮ್ಮ ಮೇಜಿಗೆ ಬಂದಾಗ, ಅದರ ಒಂದು ಪ್ರತಿಯನ್ನು ಲೆಕ್ಕ ವಿಭಾಗಕ್ಕೂ ಕಳುಹಿಸಿ. ಒಂದು ದಿನ ಕಾಲಾವಕಾಶ ಕೊಡಿ. ಮರುದಿನ ಬೆಳಿಗ್ಗೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ ಅಂಕಿಗಳೊಂದಿಗೆ ಅದನ್ನು ನಿಮ್ಮ ಮೇಜಿಗೆ ಹಿಂದಿರುಗಿಸುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಲೆಕ್ಕಿಗ